ಬೋಟ್ ಟ್ರೇಲರಿನ ಮರ ಬದಲಿಸುವುದು: ಪತ್ತನಾಜೆಗೆ ಮೊದಲು ಮುಗಿಸುವ ಕೆಲಸ

ಹೋದ ಏಪ್ರಿಲಿನಲ್ಲಿ ನನ್ನ ಬೋಟ್ ಟ್ರೇಲರಿನಲ್ಲಿ ಬೋಟು ಕೂರುವ ಮರಕ್ಕೆ ಸುಮ್ನೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಹಣ್ಣಾದ ಹಲಸಿಗೆ ಚುಚ್ಚಿದ ಹಾಗೆ ಹಿಡಿಯ ತನಕ ಒಳಗೆ ಹೋಯಿತು. ಮೇಲೆ ಹೊದೆಸಿದ ಕಾರ್ಪೆಟ್ ಇನ್ನೂ ಚಂದಕ್ಕೆ ಇತ್ತು. ಮರ ಮಾತ್ರ ಒಳಗಿಂದೊಳಗೆ ಮಣ್ಣಾಗಿತ್ತು. ಅದನ್ನು ಹಾಕಿಸಿ ನಾಲ್ಕು ವರ್ಷವೂ ಆಗಿರಲಿಲ್ಲ.

ಟ್ರೇಲರ್ ಮಾಡಿಕೊಟ್ಟವರನ್ನು ಕೇಳಿದೆ. 'ಉಪ್ಪುನೀರು ಅಲ್ವಾ, ಮರ ಎಷ್ಟು ದಿನ ಬಂದೀತು' ಎಂದರು. ನಾನೂ ನಂಬಿದೆ. ಆಮೇಲೆ ಹಳೆ ಮರವನ್ನು ಬಿಚ್ಚಿ, ಉದ್ದಕ್ಕೆ ಸೀಳಿ ನೋಡಿದಾಗ ಬೇರೆಯೇ ಕತೆ ಕಾಣಿಸಿತು. ಪ್ರತಿ ಸಲ ಹೊಳೆಗೆ ಇಳಿಯುವ ಹಿಂದಿನ ತುದಿ ಅಷ್ಟೇನೂ ಕೆಟ್ಟಿರಲಿಲ್ಲ. ಕೆಟ್ಟದ್ದು ನಡುವಿನಲ್ಲಿ. ಬೋಲ್ಟಿನ ತೂತುಗಳ ಸುತ್ತ, ಮತ್ತೆ ಕಾರ್ಪೆಟ್ಟನ್ನು ಅಡಿಗೂ ಸುತ್ತಿ ಪೂರ್ತಿ ಮುಚ್ಚಿದ ಕಡೆ. ಮರವನ್ನು ತಿಂದದ್ದು ಹೊಳೆಯ ನೀರಲ್ಲ. ಒಳಗೆ ಸೇರಿ ಹೊರಗೆ ಹೋಗಲು ದಾರಿ ಸಿಗದ ಮಳೆನೀರು.

ಮರ ಕೊಳೆಯುವುದು ಒಂದು ಜಾತಿಯ ಶಿಲೀಂಧ್ರದಿಂದ, ನಮ್ಮ ಮಾತಿನಲ್ಲಿ ಹೇಳುವುದಾದರೆ ಅಣಬೆಯ ಸಂಬಂಧಿಕರಿಂದ. ಮರದಲ್ಲಿ ತೇವ ಶೇಕಡಾ 20ಕ್ಕಿಂತ ಕೆಳಗೆ ಇದ್ದರೆ ಅದು ಬೆಳೆಯುವುದಿಲ್ಲ. ಉಪ್ಪುನೀರು ಅದಕ್ಕೆ ಇಷ್ಟವೂ ಇಲ್ಲ. ಅದಕ್ಕೆ ಬೇಕಾದ್ದು ಸಿಹಿನೀರು, ಗಾಳಿ, ಬೆಚ್ಚಗಿನ ಮುಚ್ಚಿದ ಜಾಗ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕಾಸರಗೋಡಿನಲ್ಲಿ, ಕಾರ್ಪೆಟ್ ಸುತ್ತಿದ ಮರದ ಒಳಗೆ ಇದೆಲ್ಲ ಧಾರಾಳ ಸಿಗುತ್ತದೆ. ಹಾಗಾಗಿ ಹೊಸ ಮರ ಹಾಕುವಾಗ ನಾನು ಒಂದೇ ವಿಷಯ ತಲೆಯಲ್ಲಿ ಇಟ್ಟುಕೊಂಡೆ. ನೀರು ಬರುವುದನ್ನು ತಡೆಯಲು ಆಗುವುದಿಲ್ಲ, ಬಂದ ನೀರು ಇಳಿದು ಹೋಗಬೇಕು, ಮರ ಒಣಗಬೇಕು. ಕೆಳಗೆ ಹೇಳಿದ ಹೆಚ್ಚಿನ ಉಪಾಯಗಳು ಇದರಿಂದಲೇ ಹುಟ್ಟಿದವು.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರೇಲರಿನ ಕಬ್ಬಿಣದ ಚೌಕಟ್ಟಿನ ಮೇಲೆ ಉದ್ದಕ್ಕೆ ಎರಡು ಮರದ ಪಟ್ಟಿಗಳು ಇರುತ್ತವೆ. ಬೋಟಿನ ಹೊಟ್ಟೆ ಕೂರುವುದು ಅದರ ಮೇಲೆ. ವೆಲ್ಡಿಂಗ್ ಶಾಪಿನವರು ಬಂಕ್ ಎನ್ನುತ್ತಾರೆ. ನಮ್ಮ ಆಚಾರಿ ರೀಪು ಎನ್ನುತ್ತಾರೆ. ನಾನು ಇಲ್ಲಿ ಬಂಕ್ ಎಂದೇ ಬರೆಯುತ್ತೇನೆ. ನನ್ನದು ಶಿರಿಯ ಹೊಳೆಯ ಉಪ್ಪುನೀರಿನಲ್ಲಿ ಓಡಿಸುವ 16 ಅಡಿಯ ಫೈಬರ್ ಬೋಟು. ಎಂಜಿನ್ ಸೇರಿ ಸುಮಾರು 350 ಕೆಜಿ. ನಿಮ್ಮದು ದೊಡ್ಡದಿದ್ದರೆ ಅಳತೆ ಬದಲಾಗುತ್ತದೆ, ಕೆಲಸದ ಕ್ರಮ ಇದೇ.

ಯಾವಾಗ ಮಾಡಬೇಕು

ಪತ್ತನಾಜೆಯ ಒಳಗೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅಷ್ಟರಲ್ಲಿ ನಿಮ್ಮ ಮರಕ್ಕೆ ಕೊನೆಯ ಕೋಟು ಎಣ್ಣೆ ಬಿದ್ದು ಒಣಗಿರಬೇಕು. ಮಳೆ ಹಿಡಿದ ಮೇಲೆ ಏನು ಬಳಿದರೂ ಒಣಗುವುದಿಲ್ಲ. ಜೊತೆಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಆಗ ವರ್ಕ್‌ಶಾಪಿನವರೂ ಆಚಾರಿಗಳೂ ದೊಡ್ಡ ಬೋಟುಗಳ ರಿಪೇರಿಯಲ್ಲಿ ಮುಳುಗಿರುತ್ತಾರೆ. ನಮ್ಮ ಎರಡು ಪಟ್ಟಿ ಮರಕ್ಕೆ ಯಾರು ಬರುತ್ತಾರೆ?

ಮರ ತಂದು ಒಣಗಿಸಲಿಕ್ಕೆ ಒಂದೆರಡು ತಿಂಗಳು ಬೇಕು. ಹಾಗಾಗಿ ಮಿಲ್ಲಿಗೆ ಹೋಗುವುದು ಮಾರ್ಚಿನಲ್ಲಿ. ನಾನು ಏಪ್ರಿಲಿನಲ್ಲಿ ನೋಡಿದ್ದರಿಂದ ಓಡಾಟ ಆಯಿತು.

ಬದಲಿಸಬೇಕೋ ಬೇಡವೋ

ಸ್ಕ್ರೂಡ್ರೈವರಿಗಿಂತ ಒಳ್ಳೆಯ ಡಾಕ್ಟರ್ ಇಲ್ಲ. ಮೂರು ಕಡೆ ಚುಚ್ಚಿ: ಎರಡೂ ತುದಿಗಳ ಕತ್ತರಿಸಿದ ಮುಖಕ್ಕೆ, ಬೋಲ್ಟುಗಳ ಪಕ್ಕ, ಮತ್ತು ಅಡಿಯಲ್ಲಿ ಕ್ಲಾಂಪಿಗೆ, ಅಂದರೆ ಮರವನ್ನು ಚೌಕಟ್ಟಿಗೆ ಹಿಡಿಯುವ ಕಬ್ಬಿಣದ ತುಂಡಿಗೆ, ಮರ ತಾಗುವ ಕಡೆ. 3-4 ಮಿಲಿಮೀಟರ್ ಹೋಗಿ ನಿಂತರೆ ಚಿಂತೆ ಇಲ್ಲ. ಬೆರಳಿನ ಅಗಲದಷ್ಟು ಹೋದರೆ ಮರದ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ಸುತ್ತಿಗೆಯ ಹಿಡಿಯಿಂದ ಬಡಿದೂ ನೋಡಬಹುದು. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ.

ಬೋಲ್ಟಿನ ಸುತ್ತ ಕಪ್ಪು ಕಲೆ ಕಂಡರೆ ಹೆದರಬೇಡಿ, ಆದರೆ ಬಿಟ್ಟೂ ಬಿಡಬೇಡಿ. ಮರದ ಒಗರು ಕಬ್ಬಿಣದ ತುಕ್ಕಿಗೆ ಸೇರಿದರೆ ಕಪ್ಪಾಗುತ್ತದೆ. ಅಲ್ಲಿ ನೀರು ನಿಲ್ಲುತ್ತಿದೆ ಎಂಬುದರ ಗುರುತು ಅದು. ಇನ್ನೊಂದು ಗುರುತು ಬೋಟಿನಲ್ಲೇ ಸಿಗುತ್ತದೆ. ಹೊಟ್ಟೆಯ ಕೆಳಗೆ ಒಂದೇ ಜಾಗದಲ್ಲಿ ಗೀರು ಬಿದ್ದಿದೆಯಾ? ಮರ ಕುಸಿದು ಬೋಲ್ಟಿನ ತಲೆ ಮೇಲೆ ಬಂದಿದೆ ಎಂದೇ ಅರ್ಥ.

ಒಂದು ಬಂಕ್ ಕೆಟ್ಟು ಇನ್ನೊಂದು ಚೆನ್ನಾಗಿದ್ದರೂ ಎರಡನ್ನೂ ಬದಲಿಸಿ. ಒಂದು ಹೊಸತು ಒಂದು ಹಳತು ಆದರೆ ಬೋಟು ಒಂದು ಕಡೆಗೆ ವಾಲಿ ಕೂರುತ್ತದೆ.

ಮರದ ಮಾತು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ನಾನು ಮೋಸ ಹೋದದ್ದು ಇಲ್ಲೇ.

ನಮ್ಮ ಕಡೆ ಒಂದೇ ಮರಕ್ಕೆ ಮೂರು ಹೆಸರು. ಕನ್ನಡದಲ್ಲಿ ಹೆಬ್ಬಲಸು ಎಂದರೆ ತುಳುವಿನಲ್ಲಿ ಪೆಜ, ಮಲಯಾಳದಲ್ಲಿ ಐನಿ ಅಥವಾ ಆಂಞಿಲಿ. ಕೇರಳದ ಕರಾವಳಿಯಲ್ಲಿ ದೋಣಿ ಕಟ್ಟುವವರು ತಲೆತಲಾಂತರದಿಂದ ನೆಚ್ಚಿಕೊಂಡು ಬಂದ ಮರ ಇದು. ಒದ್ದೆ ಆಗಿ, ಒಣಗಿ, ಮತ್ತೆ ಒದ್ದೆ ಆದರೂ ಸುಲಭಕ್ಕೆ ಸೊಟ್ಟಾಗುವುದಿಲ್ಲ, ಸೀಳು ಬಿಡುವುದೂ ಕಡಿಮೆ. ಸಾಗುವಾನಿಯೂ ಒಳ್ಳೆಯದೇ, ಅದರೊಳಗೇ ಎಣ್ಣೆ ಇರುತ್ತದೆ, ಬೇಪೂರಿನ ಉರು ಎಂಬ ಮರದ ಹಡಗುಗಳಿಗೆ ಹೆಸರು ಬಂದದ್ದೂ ಅದರಿಂದಲೇ. ಆದರೆ ಕಾರ್ಪೆಟ್ಟಿನ ಅಡಿಯಲ್ಲಿ ಯಾರಿಗೂ ಕಾಣದ ಮರಕ್ಕೆ ಸಾಗುವಾನಿ ದುಡ್ಡು ಯಾಕೆ? ಮನೆ ಬಾಗಿಲು ಮಾಡುವಾಗ ಉಳಿದ ತುಂಡು ಅಟ್ಟದಲ್ಲಿದ್ದರೆ ಅದನ್ನು ಖಂಡಿತ ಬಳಸಿ.

ಮರದ ಜಾತಿಗಿಂತ ದೊಡ್ಡ ಪ್ರಶ್ನೆ ಚೇಗಿನದ್ದು. ಮರದ ನಡುವಿನ ಗಾಢ ಬಣ್ಣದ ಭಾಗವೇ ಚೇಗು, ಮಲಯಾಳದವರು ಕಾತಲ್ ಎನ್ನುತ್ತಾರೆ. ಹೊರಗಿನ ಬಿಳಿ ಭಾಗ ಎಷ್ಟೇ ಒಳ್ಳೆ ಜಾತಿಯ ಮರದ್ದಾದರೂ ಬೇಗ ಕೊಳೆಯುತ್ತದೆ, ಕುಟ್ಟೆ ಹುಳ ಹಿಡಿಯುತ್ತದೆ. ನನಗೆ ಮೊದಲ ಸಲ ಸಿಕ್ಕಿದ್ದು ಅದೇ. ಹೆಸರಿಗೆ ಹೆಬ್ಬಲಸು, ಪಟ್ಟಿಯ ಮುಕ್ಕಾಲು ಪಾಲು ಬಿಳಿ. ಪೇಂಟ್ ಹೊಡೆದೇ ಕೊಟ್ಟದ್ದರಿಂದ ಗೊತ್ತಾಗಲಿಲ್ಲ. ಹಾಗಾಗಿ ಪೇಂಟ್ ಹೊಡೆದ ಮರ ತೆಗೆದುಕೊಳ್ಳಲೇ ಬೇಡಿ. ಮಿಲ್ಲಿನಲ್ಲಿ ಪಟ್ಟಿಯ ತುದಿಯ ಮುಖ ನೋಡಿ. ಹಳದಿ ಮಿಶ್ರಿತ ಕಂದು ಬಣ್ಣ ಪೂರ್ತಿ ತುಂಬಿರಬೇಕು. ಒಂದು ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಕೀಸಿ ತೆಗೆಸಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಪಟ್ಟಿ ಕೇಳಿ.

ಗಂಟುಗಳನ್ನೂ ನೋಡಿ. ಎರಡು ಕ್ಲಾಂಪುಗಳ ನಡುವೆ, ಕೆಳಗಿನ ಅಂಚಿನಲ್ಲಿ ಗಂಟು ಬರಬಾರದು. ಭಾರ ಬಿದ್ದಾಗ ಮರ ಎಳೆಯುವುದು ಅಲ್ಲೇ, ಬಿರುಕು ಶುರುವಾಗುವುದೂ ಅಲ್ಲೇ. ಪಟ್ಟಿ ಉದ್ದಕ್ಕೆ ಸ್ವಲ್ಪ ಬಿಲ್ಲಿನ ಹಾಗೆ ಬಾಗಿದ್ದರೆ ಉಬ್ಬು ಮೇಲಕ್ಕೆ ಬರುವ ಹಾಗೆ ಕೂರಿಸಬೇಕು. ಬೋಟಿನ ಭಾರಕ್ಕೆ ಅದು ನೇರ ಆಗುತ್ತದೆ.

ಊರಲ್ಲಿ ಎಲ್ಲರೂ ಸಲಹೆ ಕೊಡುವವರೇ. ತೆಂಗಿನ ಮರ ಹಾಕು ಎಂದರು. ತೆಂಗಿನ ಹೊರಗಿನ ಭಾಗ ಗಟ್ಟಿ ಇರುವುದು ನಿಜ, ಆದರೆ ಬಯಲಿನಲ್ಲಿ ಮಳೆಗೆ ಬಿದ್ದರೆ ಔಷಧಿ ಇಲ್ಲದೆ ಬಾಳುವುದಿಲ್ಲ. ಅಡಕೆ ಸಲಿಕೆ, ಅಂದರೆ ಅಡಕೆ ಮರ ಸೀಳಿದ ಪಟ್ಟಿ, ಎಂದರು. ಚಪ್ಪರಕ್ಕೆ ಸರಿ. ರಬ್ಬರ್ ಮರ ಎಂದವರೂ ಉಂಟು. ಅದು ಮಿಲ್ಲಿನಿಂದ ಮನೆಗೆ ಬರುವಷ್ಟರಲ್ಲೇ ಬೂಷ್ಟು ಹಿಡಿಯುತ್ತದೆ.

ಪೇಟೆಯಲ್ಲಿ ಹಸಿರು ಛಾಯೆಯ, ಔಷಧಿ ಹೊಡೆದ ಮರವೂ ಸಿಗುತ್ತದೆ. ಆ ಹಸಿರು ತಾಮ್ರದ್ದು. ಫೈಬರ್ ಬೋಟಿಗೆ ತೊಂದರೆ ಇಲ್ಲ. ಅಲ್ಯುಮಿನಿಯಂ ಬೋಟು ಇರುವವರು ಮಾತ್ರ ಅದನ್ನು ಮುಟ್ಟಬೇಡಿ. ಒದ್ದೆ ಮರದಲ್ಲಿನ ತಾಮ್ರ ಅಲ್ಯುಮಿನಿಯಮ್ಮನ್ನು ತಿಂದು ಸಣ್ಣ ಸಣ್ಣ ತೂತು ಮಾಡುತ್ತದೆ. ಸಾಮಾನ್ಯ ಕಬ್ಬಿಣದ ಬೋಲ್ಟುಗಳನ್ನೂ ಬೇಗ ತುಕ್ಕು ಹಿಡಿಸುತ್ತದೆ. ಆ ಮರದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕುವುದೂ ಬೇಡ, ಹೊಗೆ ಒಳ್ಳೆಯದಲ್ಲ.

ಅಳತೆ: ನನ್ನ ಬಂಕ್ 8 ಅಡಿ ಉದ್ದ, 4 ಇಂಚು ಎತ್ತರ, 2 ಇಂಚು ದಪ್ಪ. ಎರಡಕ್ಕೂ ಸೇರಿ ಒಂದು ಕ್ಯೂಬಿಕ್ ಅಡಿಗೂ ಕಡಿಮೆ ಮರ. ದೊಡ್ಡ ಮಿಲ್ಲಿನವರು ಇಷ್ಟು ಸಣ್ಣ ಕೆಲಸಕ್ಕೆ ಮುಖ ಸಿಂಡರಿಸುತ್ತಾರೆ. ಕಿಟಕಿ ಬಾಗಿಲು ಮಾಡುವ ಆಚಾರಿಯ ಶೆಡ್ಡಿಗೆ ಹೋದರೆ ಒಣಗಿದ ಮರವೇ ಸಿಕ್ಕೀತು.

ಹಸಿ ಮರ ಸಿಕ್ಕಿದರೆ ನೆರಳಿನಲ್ಲಿ, ನೆಲದಿಂದ ಎತ್ತರಕ್ಕೆ, ನಡುವೆ ಸಣ್ಣ ಸಣ್ಣ ರೀಪಿನ ತುಂಡು ಇಟ್ಟು ಗಾಳಿ ಆಡುವ ಹಾಗೆ ಪೇರಿಸಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ಎಂದು ಅಂಗಳದಲ್ಲಿ ಹರಡಬೇಡಿ. ತುದಿಗಳು ಸೀಳುತ್ತವೆ.

ನಿಲ್ಲಿಸುವುದೋ ಮಲಗಿಸುವುದೋ

ಹೆಚ್ಚಿನ ಟ್ರೇಲರುಗಳಲ್ಲಿ ಪಟ್ಟಿಯನ್ನು ಅಗಲವಾಗಿ ಮಲಗಿಸಿರುತ್ತಾರೆ. ನಾನು ಈ ಸಲ ಎತ್ತರಕ್ಕೆ ನಿಲ್ಲಿಸಿದೆ. ಅದೇ 4-2ರ ಮರ ನಿಂತರೆ ಮಲಗಿದ್ದಕ್ಕಿಂತ ಎರಡು ಪಟ್ಟು ಭಾರ ತಡೆಯುತ್ತದೆ. ಬಗ್ಗುವುದಂತೂ ನಾಲ್ಕರಲ್ಲಿ ಒಂದು ಪಾಲು ಮಾತ್ರ.

ಅದಕ್ಕಿಂತ ದೊಡ್ಡ ಲಾಭ ಬೋಲ್ಟಿನದ್ದು. ಮಲಗಿಸಿದ ಮರಕ್ಕೆ ಬೋಲ್ಟನ್ನು ಮೇಲಿಂದ ಕೆಳಗೆ ಹಾಕಬೇಕು. ತಲೆಯನ್ನು ಗುಂಡಿ ತೋಡಿ ಒಳಗೆ ಹೂತಿಡಬೇಕು. ಆ ಗುಂಡಿಯೇ ಮಳೆಗಾಲದಲ್ಲಿ ಬಾವಿ. ನಿಲ್ಲಿಸಿದ ಮರಕ್ಕೆ ಬೋಲ್ಟ್ ಪಕ್ಕದಿಂದ ಅಡ್ಡಕ್ಕೆ ಹೋಗುತ್ತದೆ. ಮೇಲಿನ ಮುಖದಲ್ಲಿ ಒಂದು ತೂತೂ ಇಲ್ಲ. ನೀರು ನಿಲ್ಲುವುದಿಲ್ಲ, ಮರ ಸವೆದರೂ ಬೋಟಿಗೆ ಕಬ್ಬಿಣ ತಾಗುವುದಿಲ್ಲ.

ಎರಡೇ ಇಂಚು ಅಗಲದ ಅಂಚಿನ ಮೇಲೆ ಬೋಟು ಕೂತರೆ ಒತ್ತಡ ಜಾಸ್ತಿ ಆಗುವುದಿಲ್ಲವಾ ಎಂದು ಕೇಳಬಹುದು. ಲೆಕ್ಕ ಹಾಕಿ. 96 ಇಂಚು ಉದ್ದ, 2 ಇಂಚು ಅಗಲ, ಎರಡು ಪಟ್ಟಿ: 384 ಚದರ ಇಂಚು. ಅದರ ಮೇಲೆ 350 ಕೆಜಿ. ಒಂದು ಚದರ ಇಂಚಿಗೆ ಒಂದು ಕೆಜಿಯೂ ಇಲ್ಲ. ಆದರೆ ಬೋಟು ಅಂಚಿನ ಉದ್ದಕ್ಕೂ ತಾಗಿದರೆ ಮಾತ್ರ ಈ ಲೆಕ್ಕ. ಎರಡು ಕಡೆ ಮಾತ್ರ ತಾಗಿದರೆ ಅಲ್ಲೇ ಫೈಬರ್ ಒತ್ತಿ ಹೋಗುತ್ತದೆ. ದೊಡ್ಡ, ಭಾರದ ಬೋಟಿನವರು ಮರವನ್ನು ಮಲಗಿಸುವುದೋ, ಒಂದೊಂದು ಕಡೆ ಎರಡೆರಡು ಪಟ್ಟಿ ಹಾಕುವುದೋ ಒಳ್ಳೆಯದು.

ಇದಕ್ಕೆ ಕ್ಲಾಂಪು ಬದಲಿಸಬೇಕಾಗುತ್ತದೆ. 6 ಮಿಲಿಮೀಟರ್ ದಪ್ಪದ ತಗಡಿನ ಎಲ್ ಆಕಾರದ ತುಂಡುಗಳು, ಒಂದೊಂದು ಬಂಕಿಗೆ ಮೂರು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಗ್ಯಾಲ್ವನೈಸ್ ಮಾಡಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಜಿಂಕ್ ಪ್ರೈಮರ್ ಹೊಡೆದು ಎರಡು ಕೋಟು ಪೇಂಟ್ ಕೊಡಿ. ಮರ ಕೂರುವ ಎಲ್‌ನ ತಳದಲ್ಲಿ ಒಂದು 8 ಮಿಲಿಮೀಟರ್ ತೂತು ಹಾಕಿಸಲು ಮರೆಯಬೇಡಿ. ನೀರು ಇಳಿಯಲಿಕ್ಕೆ. ಕಾಸಿನ ಖರ್ಚಿಲ್ಲ, ಯಾರೂ ಹಾಕುವುದಿಲ್ಲ.

ಎಣ್ಣೆ

ಮರ ಕತ್ತರಿಸಿ, ತೂತು ಕೊರೆದು, ಅಂಚು ಸವರಿದ ಮೇಲೆ ಎಣ್ಣೆ. ಮೊದಲೇ ಬಳಿದು ಆಮೇಲೆ ಕೊರೆದರೆ ತೂತಿನ ಒಳಗೆ ಹಸಿ ಮರ ತೆರೆದು ಬಿಡುತ್ತದೆ.

ಕರಿಆಯಿಲ್, ಅಂದರೆ ಬಳಸಿ ಬಿಟ್ಟ ಎಂಜಿನ್ ಆಯಿಲ್, ಬಳಿಯಬೇಡಿ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದು ನಮ್ಮಲ್ಲಿ ಎಲ್ಲ ಮರಕ್ಕೂ ಅದನ್ನೇ ಬಳಿಯುವ ಅಭ್ಯಾಸ. ಬೋಟಿನ ಹೊಟ್ಟೆಗೆ ಕಪ್ಪು ಬಳಿಯುತ್ತದೆ, ಪ್ರತಿ ಸಲ ಟ್ರೇಲರ್ ಇಳಿಸಿದಾಗ ಹೊಳೆಯ ಮೇಲೆ ಬಣ್ಣಬಣ್ಣದ ಪದರ ಹರಡುತ್ತದೆ. ನಾವು ಬಲೆ ಹಾಕುವ ನೀರೇ ಅಲ್ವಾ ಅದು.

ಹಿಂದಿನವರು ದೋಣಿಗೆ ಬಳಿಯುತ್ತಿದ್ದದ್ದು ಬೂತಾಯಿ ಮೀನಿನ ಎಣ್ಣೆ ಮತ್ತು ಗೇರು ಎಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಇಂದಿಗೂ ಒಳ್ಳೆಯದು. ಗೆದ್ದಲಿಗೂ ಅದು ಆಗಿ ಬರುವುದಿಲ್ಲ. ಗೇರು ಬೆಳೆಯುವ ಊರಿನವರಿಗೆ ಅದರ ಗುಣ ಬೇರೆ ಹೇಳಬೇಕಾಗಿಲ್ಲ. ಚಿಕ್ಕಂದಿನಲ್ಲಿ ಹಸಿ ಬೀಜ ಸುಟ್ಟು ತಿನ್ನಲು ಹೋಗಿ ತುಟಿ ಸುಟ್ಟುಕೊಳ್ಳದವರು ಯಾರಿದ್ದಾರೆ? ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಕೈಗೆ ರಬ್ಬರ್ ಗ್ಲೌಸ್, ತೋಳಿಗೆ ತೆಂಗಿನೆಣ್ಣೆ, ಉದ್ದ ತೋಳಿನ ಹಳೆ ಅಂಗಿ. ಮಕ್ಕಳನ್ನು ದೂರ ಇಡಿ.

ತೆಳ್ಳಗೆ ಮೂರು ಕೋಟು ಬಳಿಯಿರಿ. ಒಂದು ಕೋಟು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ದಪ್ಪಕ್ಕೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಅಂಟಂಟಾಗಿ ಉಳಿಯುತ್ತದೆ. ಗೇರು ಎಣ್ಣೆ ಬೇಡ ಎನ್ನುವವರು ಕಾಯಿಸಿದ ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಸೇರಿಸಿ ಬಳಿಯಬಹುದು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿ ಇಡಿ.

ಎಲ್ಲಕ್ಕಿಂತ ಜಾಸ್ತಿ ಎಣ್ಣೆ ಕುಡಿಸಬೇಕಾದ್ದು ಎರಡು ತುದಿಗಳಿಗೆ. ಮರದ ನಾಳಗಳ ಬಾಯಿ ತೆರೆಯುವುದು ಅಲ್ಲಿ. ಪಕ್ಕದಿಂದ ನೀರು ಮೆಲ್ಲಗೆ ಹೋದರೆ, ತುದಿಯಿಂದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ ಏರುತ್ತದೆ. ಒಂದು ಹಳೆ ಡಬ್ಬಿಯಲ್ಲಿ ಎರಡು ಇಂಚು ಎಣ್ಣೆ ಹಾಕಿ ಪಟ್ಟಿಯನ್ನು ಅದರಲ್ಲಿ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಮರುದಿನ ಇನ್ನೊಂದು ತುದಿ. ಬೋಲ್ಟಿನ ತೂತಿಗೆ ಹಳೆ ಟೂತ್‌ಬ್ರಷ್ ಸಾಕು.

ಬೋಟನ್ನು ಎಲ್ಲಿಡುವುದು

ಅತಿ ಸುಲಭದ ದಾರಿ ಬೋಟನ್ನು ಹೊಳೆಯಲ್ಲೇ ಬಿಡುವುದು. ನೀರು ಏರಿದ ಹೊತ್ತು ನೋಡಿ ಕಡವಿನಲ್ಲಿ ಇಳಿಸಿ, ಕಟ್ಟಿ, ಖಾಲಿ ಟ್ರೇಲರ್ ಮನೆಗೆ ತನ್ನಿ. ಮರ ಮೊದಲೇ ತಯಾರಿದ್ದರೆ ಒಂದೇ ದಿನದ ಕೆಲಸ.

ಅದಾಗದಿದ್ದರೆ ಮನೆಯಂಗಳದಲ್ಲೇ, ಬೋಟು ಟ್ರೇಲರಿನ ಮೇಲೆ ಇರುವಾಗಲೇ ಮಾಡಬಹುದು. ಒಂದು ಸಲಕ್ಕೆ ಒಂದೇ ಬಂಕ್. ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಟ್ರೇಲರಿನ ಮೂತಿಯನ್ನು ಗಟ್ಟಿ ಆಧಾರದ ಮೇಲೆ ಇಡಿ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಲಂಗರು ಎಲ್ಲ ಇಳಿಸಿ ಹಗುರ ಮಾಡಿ. ಬೋಟಿನ ಹಿಂದಿನ ಗೋಡೆಯ ಅಡಿಗೆ ಅಗಲದ ಹಲಗೆ ಕೊಟ್ಟು ಜಾಕಿನಿಂದ ಒಂದೆರಡು ಇಂಚು ಎತ್ತಿ, ಆಮೇಲೆ ಮುಂದಿನ ಭಾಗ. ಎತ್ತಿದ ಕೂಡಲೇ ಅಡಿಗೆ ಕೆಂಪುಕಲ್ಲು ಪೇರಿಸಿ, ಕಲ್ಲಿನ ಮೇಲೆ ದಪ್ಪ ಹಲಗೆ, ಹಲಗೆಯ ಮೇಲೆ ಹಳೆ ಟಯರಿನ ತುಂಡು. ಕಲ್ಲು ನೇರ ಬೋಟಿಗೆ ತಾಗಬಾರದು, ಮೂಲೆ ಒಡೆದು ಜಾರುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ.

ಜಾಕಿನ ಮೇಲೆ ಮಾತ್ರ ನಿಂತ ಬೋಟಿನ ಅಡಿಗೆ ಯಾರೂ ನುಗ್ಗಬಾರದು. ಕೈ ಕೂಡ ಹಾಕಬಾರದು. ಜಾಕ್ ಎತ್ತಲಿಕ್ಕೆ, ಹೊರುವುದು ಕಲ್ಲು.

ಬಿಚ್ಚುವುದು ಮತ್ತು ಗುರುತು ಮಾಡುವುದು

ಬಿಚ್ಚುವ ಮೊದಲು ಗುರುತು. ಮೊದಲ ಸಲ ನಾನು ಉತ್ಸಾಹದಲ್ಲಿ ಎರಡೂ ಬಂಕುಗಳನ್ನು, ಕ್ಲಾಂಪುಗಳ ಸಮೇತ ಬಿಚ್ಚಿ ಅಂಗಳದಲ್ಲಿ ಇಟ್ಟೆ. ಕಾಫಿ ಕುಡಿದು ಬಂದು ನೋಡಿದರೆ ಯಾವುದು ಎಲ್ಲಿತ್ತು ಎಂದು ಗೊತ್ತಿಲ್ಲ. ಎಡದ್ದು ಬಲದ್ದು ಒಂದೇ ಥರ ಕಾಣುತ್ತದೆ, ಆದರೆ ಒಂದೇ ಥರ ಇರುವುದಿಲ್ಲ. ಮತ್ತೆ ಸರಿ ಮಾಡಲಿಕ್ಕೆ ಎರಡು ದಿನ ಹೋಯಿತು.

ಹಾಗಾಗಿ ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಚೌಕಟ್ಟಿನ ಮೇಲೆ ಪ್ರತಿ ಕ್ಲಾಂಪಿನ ಜಾಗಕ್ಕೆ ಪೇಂಟಿನ ಗೆರೆ ಎಳೆಯಿರಿ, ಚಾಕ್‌ಪೀಸಿನದ್ದು ಎಣ್ಣೆ ತಾಗಿದರೆ ಅಳಿಸುತ್ತದೆ. ಮೂರು ಅಳತೆ ಪುಸ್ತಕದಲ್ಲಿ ಬರೆದಿಡಿ: ಎರಡು ಬಂಕುಗಳ ನಡುವಿನ ದೂರ, ಚೌಕಟ್ಟಿನಿಂದ ಬಂಕಿನ ಮೇಲಂಚಿನ ಎತ್ತರ, ಹಿಂದೆ ಎಷ್ಟು ಚಾಚಿದೆ. ಮರ ಮಲಗಿದ್ದಲ್ಲಿಂದ ನಿಂತಾಗ ಮೇಲಂಚು 2 ಇಂಚು ಏರುತ್ತದೆ. ಅಷ್ಟನ್ನು ಕ್ಲಾಂಪಿನಲ್ಲಿ ತಗ್ಗಿಸಬೇಕು.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ಲೋ ಡಬ್ಲ್ಯುಡಿ-40ಯೋ ಹಾಕಿ ಬಿಡಿ. ಬೆಳಿಗ್ಗೆ ತಿರುಗದಿದ್ದರೆ ಹೋರಾಡಬೇಡಿ. ಗ್ರೈಂಡರಿನಿಂದ ಕತ್ತರಿಸಿ. ಹೇಗೂ ಆ ಬೋಲ್ಟು ಮತ್ತೆ ಬಳಸುವಂಥದ್ದಲ್ಲ. ಕಿಡಿ ಹಾರುವಾಗ ಪೆಟ್ರೋಲ್ ಟ್ಯಾಂಕ್ ಹತ್ತಿರ ಇರಬಾರದು, ಫೈಬರಿಗೆ ಒದ್ದೆ ಗೋಣಿ ಮುಚ್ಚಿ. ಕಣ್ಣಿಗೆ ಕನ್ನಡಕ.

ಹೊಸ ಮರದ ಕೆಲಸ

ಹಳೆ ಮರದ ಉದ್ದವನ್ನೇ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಬಂಕ್ ಬೋಟಿನ ಹಿಂದಿನ ಗೋಡೆಯ ತನಕ ಬರಬೇಕು, ಒಂದಿಂಚು ಹೊರಗೆ ಇದ್ದರೂ ಆದೀತು. ಎಂಜಿನ್ ತೂಗುವುದು ಅಲ್ಲೇ. ಅದರ ಅಡಿಗೆ ಆಧಾರ ಇಲ್ಲದೆ ವರ್ಷಗಟ್ಟಲೆ ನಿಂತರೆ ಫೈಬರಿನ ತಳ ಕೊಕ್ಕೆಯ ಹಾಗೆ ಬಾಗುತ್ತದೆ. ಬಾಗಿದ ತಳದ ಬೋಟು ನೀರಿನಲ್ಲಿ ಮೂತಿ ಕೆಳಗೆ ಮಾಡಿ ಓಡುತ್ತದೆ. ಎಷ್ಟು ಜನ ಎಂಜಿನ್ನಿಗೆ ಬೈಯುತ್ತಾರೋ, ತಪ್ಪು ಟ್ರೇಲರಿನದ್ದು. ಮರ ಹಿಂದಕ್ಕೆ ಉದ್ದವಾದರೆ ಕೊನೆಯ ಕ್ಲಾಂಪನ್ನೂ ಹಿಂದಕ್ಕೆ ಸರಿಸಿ. ಕ್ಲಾಂಪಿನಾಚೆ ಒಂದಡಿಗಿಂತ ಜಾಸ್ತಿ ಮರ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಮೇಲಿನ ಎರಡು ಅಂಚುಗಳನ್ನು ಕೀಸುಳಿಯಿಂದ ದುಂಡಗೆ ಮಾಡಿ. ಚೂಪು ಅಂಚು ಕಾರ್ಪೆಟ್ಟನ್ನು ಕತ್ತರಿಸುತ್ತದೆ. ಎರಡೂ ತುದಿಗಳ ಮೇಲಿನ ಮೂಲೆಯನ್ನೂ ಇಳಿಜಾರು ಮಾಡಿ. ಬೋಟು ಹತ್ತುವಾಗ ಮೊದಲು ತಾಗುವುದು ಆ ಮೂಲೆ.

ಬೋಲ್ಟು 10 ಮಿಲಿಮೀಟರಿನದ್ದು, 80 ಉದ್ದ. ತೂತು 11 ಮಿಲಿಮೀಟರ್ ಇರಲಿ, ಮಳೆಗಾಲದಲ್ಲಿ ಮರ ಉಬ್ಬಲಿಕ್ಕೆ ಜಾಗ ಬೇಕು. ತೂತು ಮರದ ಕೆಳಗಿನ ಅರ್ಧದಲ್ಲಿ ಬರಲಿ, ಆದರೆ ಕೆಳ ಅಂಚಿನಿಂದ ಒಂದೂವರೆ ಇಂಚಾದರೂ ಮೇಲೆ. ಸ್ಟೇನ್‌ಲೆಸ್ ಬೋಲ್ಟಿನಲ್ಲಿ 304 ಮತ್ತು 316 ಎಂದು ಎರಡು ಬಗೆ. ಉಪ್ಪುನೀರಿಗೆ 316. ಸಿಗದಿದ್ದರೆ ಬಿಸಿ ಸತುವಿನಲ್ಲಿ ಅದ್ದಿದ, ಬೂದು ಬಣ್ಣದ ಗ್ಯಾಲ್ವನೈಸ್ಡ್ ಬೋಲ್ಟು ತೆಗೆದುಕೊಳ್ಳಿ. ಹೊಳೆಯುವ ತೆಳು ಲೇಪದ್ದು ಒಂದು ಮಳೆಗಾಲಕ್ಕೂ ಬಾರದು. ಮರದ ಕಡೆಗೆ ದೊಡ್ಡ ವಾಷರ್, ನೈಲಾನ್ ಉಂಗುರ ಇರುವ ನಟ್ಟು. ಸ್ಟೇನ್‌ಲೆಸ್ ನಟ್ಟು ಬಿಗಿಯುವಾಗ ತನ್ನ ಬೋಲ್ಟಿಗೇ ಕಚ್ಚಿಕೊಳ್ಳುವುದುಂಟು. ಬೋಲ್ಟಿನ ಮರೆಗೆ, ಅಂದರೆ ಸುರುಳಿ ಗೆರೆಗೆ, ಸ್ವಲ್ಪ ಗ್ರೀಸ್ ಹಚ್ಚಿದರೆ ಆ ತೊಂದರೆ ಇಲ್ಲ.

ಹೊದಿಕೆ

ಕಾಸರಗೋಡಿನವರ ತಲೆಗೆ ಮೊದಲು ಹೊಳೆಯುವುದು ತೆಂಗಿನ ನಾರಿನ ಚಾಪೆ. ನಾನೂ ಹಾಕಿ ನೋಡಿದ್ದೇನೆ. ಮರಳು ಹಿಡಿದಿಟ್ಟುಕೊಂಡು ಉಪ್ಪುಕಾಗದದ ಹಾಗೆ ಬೋಟನ್ನು ಉಜ್ಜುತ್ತದೆ, ಒದ್ದೆಯೂ ಆರುವುದಿಲ್ಲ. ರಬ್ಬರ್ ಪಟ್ಟಿ ಹಾಕಿದರೆ ಬಿಳಿ ಬೋಟಿಗೆ ಕಪ್ಪು ಗೆರೆ. ಪ್ಲಾಸ್ಟಿಕ್ ಪಟ್ಟಿ ಚೆನ್ನಾಗಿ ಬಾಳುತ್ತದೆ, ಆದರೆ ತುಂಬಾ ಜಾರುತ್ತದೆ. ಇಳಿಜಾರಿನಲ್ಲಿ ಬೋಟನ್ನು ಎಳೆದು ಹಿಡಿಯುವ ವಿಂಚಿನ ಕೊಕ್ಕೆ ಬಿಚ್ಚಿದ ಕೂಡಲೇ ಬೋಟು ನೆಲಕ್ಕೆ ಇಳಿದು ಕೂತದ್ದನ್ನು ನಾನೇ ಕಂಡಿದ್ದೇನೆ.

ಬೆನ್ನಿಗೆ ರಬ್ಬರ್ ಅಂಟಿಸದ, ನೀರು ಸೋರಿ ಹೋಗುವ ಸಿಂಥೆಟಿಕ್ ಕಾರ್ಪೆಟ್ ಒಳ್ಳೆಯದು. ಹಿಂದೆ ಹೇಳಿದ ಮಾತು ಇಲ್ಲಿ ಮತ್ತೆ ಬರುತ್ತದೆ: ಅಡಿಯನ್ನು ಮುಚ್ಚಬೇಡಿ. ಮೇಲ್ಮುಖ ಮತ್ತು ಎರಡು ಪಕ್ಕ ಅರ್ಧದ ತನಕ ಸಾಕು. ಕೆಳಗಿನ ಮುಖ, ತುದಿಗಳು ಬತ್ತಲೆ ಇರಲಿ. ಗಮ್ಮು ಹಾಕಬೇಡಿ, ಅದೂ ನೀರಿನ ದಾರಿ ಕಟ್ಟುತ್ತದೆ. ಸ್ಟೇನ್‌ಲೆಸ್ ಪಿನ್ನುಗಳನ್ನು ಪಕ್ಕದಲ್ಲಿ ಮಾತ್ರ ಹೊಡೆಯಿರಿ, ಮೇಲ್ಮುಖದಲ್ಲಿ ಒಂದೂ ಬೇಡ. ಕ್ಲಾಂಪು ಬರುವ ಕಡೆ ಕಾರ್ಪೆಟ್ಟನ್ನು ಕತ್ತರಿಸಿ ಬಿಡಿ, ಮರಕ್ಕೂ ಕಬ್ಬಿಣಕ್ಕೂ ನಡುವೆ ಒದ್ದೆ ಬಟ್ಟೆ ಸಿಕ್ಕಿಕೊಳ್ಳಬಾರದು.

ಕೂರಿಸಿ ಬಿಗಿಯುವುದು

ಮರವನ್ನು ಕ್ಲಾಂಪಿಗೆ ಸೇರಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಬಿಡಿ. ಪೂರ್ತಿ ಬಿಗಿಯಬೇಡಿ. ಬೋಟನ್ನು ಮೆಲ್ಲಗೆ ಮೇಲೆ ಇಳಿಸಿ. ಅದರ ಹೊಟ್ಟೆಯ ಓರೆಗೆ ಸರಿಯಾಗಿ ಬಂಕ್ ತಾನೇ ಸ್ವಲ್ಪ ತಿರುಗಿ ಕೂರುತ್ತದೆ. ಈಗ ಒಂದು ದಪ್ಪ ಕಾಗದವನ್ನು ಮರಕ್ಕೂ ಬೋಟಿಗೂ ನಡುವೆ ತುದಿಯಿಂದ ತುದಿಗೆ ತೂರಿಸಿ ನೋಡಿ. ಎಲ್ಲಿ ಸಡಿಲವಾಗಿ ನುಗ್ಗುತ್ತದೋ ಅಲ್ಲಿ ಅಂತರ ಉಂಟು. ಕ್ಲಾಂಪನ್ನು ಏರಿಸಿ ಇಳಿಸಿ ಸರಿ ಮಾಡಿ. ಟ್ರೇಲರಿನ ನಡುವಿನ ರೋಲರ್ ಬೋಟಿನ ತಳದ ನಡುವಿನ ಉಬ್ಬುಗೆರೆಗೆ ತಾಗಿಯೂ ತಾಗದ ಹಾಗೆ ಇರಲಿ, ಭಾರ ಬಂಕಿನ ಮೇಲೆ ಇರಬೇಕು. ಬೋಟಿನ ತಳದಲ್ಲಿ ಉದ್ದಕ್ಕೆ ಬೇರೆ ಉಬ್ಬುಗೆರೆಗಳಿದ್ದರೆ ಬಂಕ್ ಅದರ ಮೇಲೆ ಬರದೆ ಪಕ್ಕದ ಸಮತಟ್ಟು ಜಾಗಕ್ಕೆ ಬರಲಿ.

ಎಲ್ಲ ಸರಿಯಾದ ಮೇಲೆ ಹಿಂದಿನಿಂದ ಮುಂದಕ್ಕೆ, ಎಡ ಬಲ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ವಾಷರ್ ಮರಕ್ಕೆ ಒತ್ತಿ ಕೂತರೆ ಸಾಕು, ಮರದೊಳಗೆ ಹೂತು ಹೋಗುವಷ್ಟು ಬೇಡ.

ಆಮೇಲೆ ಟ್ರೇಲರಿನ ಮೂತಿ ಎತ್ತಿ ನೋಡಿ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿನ ಒಳಗೆ ಮೂತಿಗೆ ಬರಬೇಕು, ಆ ಪಾಲಿನ ಅರ್ಧಕ್ಕಿಂತ ಕಡಿಮೆಯೂ ಆಗಬಾರದು. ಬೋಟು, ಟ್ರೇಲರ್ ಸೇರಿ 500 ಕೆಜಿ ಎಂದಿಟ್ಟುಕೊಂಡರೆ 25ರಿಂದ 50. ಕಮ್ಮಿ ಆದರೆ ರಸ್ತೆಯಲ್ಲಿ ಹಾವಿನ ಹಾಗೆ ಬಳುಕುತ್ತದೆ. ಹೊಸ ಹೈವೇಯಲ್ಲಿ ವೇಗಕ್ಕೆ ಆಸೆಪಡುವವರಿಗೆ ಇದು ಮುಖ್ಯ. ಬೋಟನ್ನು ಹಿಂದೆ ಮುಂದೆ ಸರಿಸಬೇಕಾದರೆ ವಿಂಚಿನ ಕಂಬ ಸರಿಸಿ, ಹಿಂದಿನ ಗೋಡೆ ಬಂಕಿನಿಂದ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ. ಹೇಗೂ ಬಟ್ಟೆ ಕೊಳೆಯಾಗಿದೆ, ಚಕ್ರದ ಬೇರಿಂಗಿಗೂ ಗ್ರೀಸ್ ತುಂಬಿಬಿಡಿ.

ಆಮೇಲಿನ ಉಪಚಾರ

ಮೊದಲ ಮೂರು ನಾಲ್ಕು ಸಲ ಹೊಳೆಗೆ ಹೋಗಿ ಬಂದ ಮೇಲೆ ಸ್ಪ್ಯಾನರ್ ಹಿಡಿದು ಎಲ್ಲ ನಟ್ಟು ನೋಡಿ. ಮರ ಕೂತು ಸಡಿಲ ಆಗಿರುತ್ತದೆ. ಇನ್ನೊಂದು ಸಲ ಡಿಸೆಂಬರಿನಲ್ಲಿ, ಮಳೆಯ ತೇವ ಆರಿ ಮರ ಕುಗ್ಗಿದಾಗ.

ಉಪ್ಪುನೀರಿನಿಂದ ಬಂದ ದಿನ ಪೈಪಿನಲ್ಲಿ ಸಿಹಿನೀರು ಬಿಟ್ಟು ತೊಳೆಯಿರಿ, ಕಬ್ಬಿಣಕ್ಕಾಗಿ. ಆಮೇಲೆ ಟ್ರೇಲರಿನ ಮೂತಿ ಸ್ವಲ್ಪ ಎತ್ತರ ಇಟ್ಟು ನಿಲ್ಲಿಸಿ, ನೀರು ಹಿಂದಕ್ಕೆ ಇಳಿಯಲಿ. ಬೋಟಿನ ತೂಬಿನ ಬಿರಡೆಯನ್ನೂ ತೆಗೆದಿಡಿ. ಮಳೆಗಾಲದಲ್ಲಿ ಬೋಟಿನಲ್ಲಿ ನೀರು ತುಂಬಿದರೆ ಒಂದು ಲೀಟರಿಗೆ ಒಂದು ಕೆಜಿ, 500 ಲೀಟರ್ ತುಂಬಿದರೆ ಯಾವ ಹೆಬ್ಬಲಸೂ ತಡೆಯುವುದಿಲ್ಲ. ಟಾರ್ಪಾಲು ಹಾಕುವವರು ನೆಲದ ತನಕ ಎಳೆದು ಕಟ್ಟಬೇಡಿ, ಕೆಳಗೆ ಗಾಳಿ ಆಡಬೇಕು.

ತೆಂಗಿನ ತೋಟದಲ್ಲಿ ನಿಲ್ಲಿಸುವವರು ಚಕ್ರದ ಅಡಿಗೂ ಮೂತಿಯ ಅಡಿಗೂ ಕಲ್ಲು ಕೊಡಿ. ತರಗೆಲೆ, ಮಡಲು ಬಿದ್ದು ಮರಕ್ಕೆ ತಾಗಿ ನಿಂತರೆ ಗೆದ್ದಲು ಅದನ್ನೇ ಏಣಿ ಮಾಡಿಕೊಳ್ಳುತ್ತದೆ. ನನ್ನ ಹಳೆ ಬಂಕಿನ ತುಂಡೊಂದನ್ನು ಶೆಡ್ಡಿನ ಹಿಂದೆ ಎಸೆದಿದ್ದೆ. ಪತ್ತನಾಜೆ ಕಳೆದು ಮೊದಲ ಜೋರು ಮಳೆ ಬಂದ ವಾರದಲ್ಲಿ ನೋಡಿದರೆ, ಬೋಲ್ಟಿನ ತೂತಿನಿಂದ ಸಾಲಾಗಿ ಬಿಳಿ ಅಣಬೆ ಎದ್ದಿತ್ತು.